ಸೇರಿಗೂ ಪಾವಿಗೂ ಒಂದೇ ಮುದ್ರೆ

ಕನ್ನಡದಲ್ಲಿ ನಾವು ಲೆಕ್ಕವನ್ನು ಬರೆಯುತ್ತೇವೆ, ಹಾಕುತ್ತೇವೆ, ಇಡುತ್ತೇವೆ, ಕೊನೆಗೆ ಒಪ್ಪಿಸುತ್ತೇವೆ. ಈ ಕಡೆಯ ಕ್ರಿಯಾಪದ ಸ್ವಾರಸ್ಯವಾದದ್ದು. ಹುಡುಗನು ಮಗ್ಗಿ ಒಪ್ಪಿಸಬೇಕಾದರೆ ಎದುರಿಗೆ ಮೇಷ್ಟರು ಕುಳಿತಿರಬೇಕು. ಹಾಗೆಯೇ ಲೆಕ್ಕ ಒಪ್ಪಿಸುವವನ ಎದುರಿಗೂ ಕೇಳುವವನೊಬ್ಬ ಬೇಕು. ಇಂಗ್ಲಿಷಿನ ‘ಆಡಿಟ್’ ಎಂಬ ಮಾತಿನ ಹುಟ್ಟು ಕೂಡ ಇದೇ. ಲ್ಯಾಟಿನ್ ಭಾಷೆಯ ‘ಕೇಳು’ ಎಂಬ ಧಾತುವಿನಿಂದ ಅದು ಬಂದಿದೆ. ಮಧ್ಯಯುಗದ ಇಂಗ್ಲೆಂಡಿನ ಜಹಗೀರುಗಳಲ್ಲಿ ಪಾರುಪತ್ಯಗಾರನು ವರ್ಷದ ಜಮಾಖರ್ಚನ್ನು ಬಾಯಿಬಿಟ್ಟು ಹೇಳುತ್ತಿದ್ದ, ಒಡೆಯನ ಕಡೆಯವರು ಕುಳಿತು ಕೇಳುತ್ತಿದ್ದರು. ಹಾಗೆ ಕೇಳಿದವನೇ ಆಡಿಟರ್. ಇಂದಿನ ‘ಲೆಕ್ಕಪರಿಶೋಧನೆ’ ಎಂಬ ಉದ್ದನೆಯ ಶಬ್ದಕ್ಕಿಂತ ನಮ್ಮ ಹಳೆಯ ‘ಒಪ್ಪಿಸುವಿಕೆ’ಯೇ ವಿಷಯಕ್ಕೆ ಹತ್ತಿರವಾಗಿದೆಯೆಂದು ನನ್ನ ಎಣಿಕೆ.

ಒಪ್ಪಿಸಬೇಕೆಂಬುದೇನೋ ಸರಿಯೆ. ಆದರೆ ಎಷ್ಟು ಲೆಕ್ಕಕ್ಕೆ ಎಷ್ಟು ಕೇಳ್ಮೆ? ಹತ್ತು ಜನ ಕೆಲಸಗಾರರಿರುವ ಒಂದು ಅಗರಬತ್ತಿ ಕಂಪೆನಿಗೂ ಸಾವಿರಾರು ಕೋಟಿ ರೂಪಾಯಿಗಳ ಉಕ್ಕಿನ ಕಾರ್ಖಾನೆಗೂ ಒಂದೇ ಬಗೆಯ ಶೋಧನೆ ಹೂಡಿದರೆ, ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವಾಗುವುದಿಲ್ಲವೆ? ಚಿಕ್ಕದೆಂದು ಬಿಟ್ಟುಬಿಟ್ಟರೆ ಆಗುವ ಅನಾಹುತಕ್ಕೆ ಹೊಣೆ ಯಾರು? 2023ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಲೆಕ್ಕಪರಿಶೋಧನಾ ಮಾನದಂಡ ಮಂಡಲಿಯು ‘ಕಡಿಮೆ ಜಟಿಲವಾದ ಸಂಸ್ಥೆ’ಗಳಿಗೆಂದೇ ಪ್ರತ್ಯೇಕವಾದ ಮಾನದಂಡವೊಂದನ್ನು ಪ್ರಕಟಿಸಿತು. ಪತ್ರಿಕೆಗಳ ವಾಣಿಜ್ಯ ಪುಟದ ಮೂಲೆಯಲ್ಲಿ ಬಂದು ಹೋದ ಸುದ್ದಿ ಇದು. ಆದರೆ ಇದರ ಹಿಂದೆ ನೂರ ಎಂಬತ್ತು ವರ್ಷಗಳ ಇತಿಹಾಸವಿದೆ. ಅದರ ಒಂದು ಮುಖ್ಯ ಪ್ರಕರಣ ನಮ್ಮ ಗದಗಿನ ಸೀಮೆಯಲ್ಲಿಯೇ ನಡೆದಿದೆ. ಕನ್ನಡ ಪಾಠ ಹೇಳುವವನಿಗೆ ಲೆಕ್ಕದ ಗೊಡವೆ ಏಕೆಂದು ಕೇಳುವವರಿಗೆ ಅದೇ ನನ್ನ ಉತ್ತರ.

ಕಥೆ ಮೊದಲಾಗುವುದು ಇಂಗ್ಲೆಂಡಿನಲ್ಲಿ. ಅಲ್ಲಿ ಉಗಿಬಂಡಿಯ ಕಂಪೆನಿಗಳು ಹುಟ್ಟುತ್ತಿದ್ದ ಕಾಲದಲ್ಲಿ ಪಾರ್ಲಿಮೆಂಟು 1844ರ ಕಾಯಿದೆಯಿಂದ ಕಂಪೆನಿಗಳ ನೋಂದಣಿಗೆ ದಾರಿ ಮಾಡಿತು. ಲೆಕ್ಕಗಳ ತಪಾಸಣೆಯನ್ನೂ ಕಡ್ಡಾಯ ಮಾಡಿತು. ಆಗಿನ ತಪಾಸಣಾಧಿಕಾರಿ ಲೆಕ್ಕದಲ್ಲಿ ಪಳಗಿದವನೇ ಆಗಬೇಕೆಂಬ ನಿಯಮವಿರಲಿಲ್ಲ. ಸಾಮಾನ್ಯವಾಗಿ ಷೇರುದಾರರಲ್ಲೇ ಒಬ್ಬ ಆ ಕೆಲಸ ಮಾಡುತ್ತಿದ್ದ. ಆದರೆ ಹನ್ನೆರಡು ವರ್ಷಗಳೊಳಗೆ ಗಾಳಿ ತಿರುಗಿತು. ವ್ಯಾಪಾರ ಮಂಡಲಿಯ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಎಂಬ ಮಂತ್ರಿಯು ವ್ಯವಹಾರಸ್ಥರ ನಡುವೆ ಸರ್ಕಾರ ಕೈ ಹಾಕಬಾರದೆಂಬ ಪಂಥದವನು. 1856ರ ಕಾಯಿದೆಯಲ್ಲಿ ಕಡ್ಡಾಯದ ಮಾತು ಮಾಯವಾಯಿತು. ಬೇಕಾದವರು ಅನುಸರಿಸಬಹುದಾದ ಮಾದರಿ ನಿಯಮಗಳ ಪಟ್ಟಿಯಲ್ಲಿ ಮಾತ್ರ ತಪಾಸಣೆಗೆ ಜಾಗ ಉಳಿಯಿತು.

ಹೀಗೆ ಇಷ್ಟಕ್ಕೆ ಬಿಟ್ಟುದರ ಫಲ 1878ರ ಅಕ್ಟೋಬರಿನಲ್ಲಿ ಕಾಣಿಸಿತು. ಸ್ಕಾಟ್ಲೆಂಡಿನಲ್ಲಿ ಸಿಟಿ ಆಫ್ ಗ್ಲ್ಯಾಸ್ಗೋ ಬ್ಯಾಂಕು ಬಾಗಿಲು ಹಾಕಿತು. ನಿರ್ದೇಶಕರು ವರ್ಷಗಳಿಂದ ಆಸ್ತಿ ಹೊಣೆಗಳ ತಖ್ತೆಯನ್ನು ತಿದ್ದುತ್ತ ಬಂದಿದ್ದರು. ಹೊರಗಿನವನೊಬ್ಬ ಕುಳಿತು ಕೇಳಿದ್ದೇ ಇಲ್ಲ. ಆ ಬ್ಯಾಂಕಿನ ಷೇರುದಾರರ ಹೊಣೆ ಅಪರಿಮಿತವಾಗಿತ್ತು. ಎಂದರೆ ಬ್ಯಾಂಕಿನ ಸಾಲಕ್ಕೆ ಷೇರುದಾರನ ಮನೆಮಠಗಳೂ ಈಡು. ಸಾವಿರದ ಎಂಟುನೂರಕ್ಕೂ ಮೇಲ್ಪಟ್ಟ ಷೇರುದಾರರಲ್ಲಿ ಬಹುಪಾಲು ಮಂದಿ ದಿವಾಳಿಯಾದರು. ನಿರ್ದೇಶಕರು ಮರುವರ್ಷ ಜೈಲಿಗೆ ಹೋದರು. ಅದೇ 1879ರಲ್ಲಿ ಪಾರ್ಲಿಮೆಂಟು ಹೊಣೆಯನ್ನು ಮಿತಗೊಳಿಸಿಕೊಳ್ಳುವ ಬ್ಯಾಂಕುಗಳಿಗೆ ವಾರ್ಷಿಕ ತಪಾಸಣೆಯನ್ನು ಕಡ್ಡಾಯ ಮಾಡಿತು. 1900ರಲ್ಲಿ ಎಲ್ಲ ಕಂಪೆನಿಗಳಿಗೂ ವಿಸ್ತರಿಸಿತು. ಆದರೆ ಆಗಲೇ ಚಿಕ್ಕವರ ಕೂಗು ಎದ್ದಿತ್ತು. ಅಣ್ಣತಮ್ಮಂದಿರು ಸೇರಿ ನಡೆಸುವ ಕಂಪೆನಿಯ ಲೆಕ್ಕ ಊರಿಗೆಲ್ಲ ಏಕೆ ತಿಳಿಯಬೇಕು? 1907ರ ಕಾಯಿದೆ ‘ಖಾಸಗಿ ಕಂಪೆನಿ’ ಎಂಬ ಹೊಸ ಜಾತಿಯನ್ನು ಗುರುತಿಸಿ, ಅವುಗಳ ತಖ್ತೆಯನ್ನು ಸಾರ್ವಜನಿಕವಾಗಿ ದಾಖಲು ಮಾಡುವ ಕಟ್ಟಳೆಯಿಂದ ಬಿಡುಗಡೆ ಕೊಟ್ಟಿತು. ತಪಾಸಣೆ ಮಾತ್ರ ಉಳಿಯಿತು. ದೊಡ್ಡದಕ್ಕೂ ಚಿಕ್ಕದಕ್ಕೂ ಬೇರೆ ಅಳತೆ ಬೇಕೆಂಬ ಮಾತು ಹೀಗೆ ಕಾಯಿದೆಯೊಳಗೆ ಕಾಲಿಟ್ಟಿತು.

ಇಂಗ್ಲೆಂಡು ಕಂಪೆನಿಗಳ ಚಿಂತೆಯಲ್ಲಿದ್ದಾಗ ಜರ್ಮನಿಯಲ್ಲಿ ಬೇರೊಂದು ಬಗೆಯ ಬೆಳೆ ತಲೆಯೆತ್ತಿತ್ತು. ಫ್ರೀಡ್ರಿಶ್ ವಿಲ್‌ಹೆಲ್ಮ್ ರೈಫೈಸನ್ ಎಂಬ ಹಳ್ಳಿಗಾಡಿನ ಮೇಯರು, ಸಾಲಗಾರರ ಕೈಯಲ್ಲಿ ಸಿಕ್ಕಿ ನಲುಗುತ್ತಿದ್ದ ರೈತರನ್ನು ಕಂಡು, 1864ರಲ್ಲಿ ಹೆಡ್ಡೆಸ್‌ಡೋರ್ಫ್ ಎಂಬಲ್ಲಿ ಪತ್ತಿನ ಸಂಘವೊಂದನ್ನು ಕಟ್ಟಿದ. ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ ಎಂಬುದು ಅದರ ಬುಡಗಲ್ಲು. ಹೀಗಿರುವಲ್ಲಿ ಕಾರ್ಯದರ್ಶಿ ಒಂದು ಅಂಕಿ ತಪ್ಪಿದರೆ ಇಡೀ ಹಳ್ಳಿಯೇ ತೊಂದರೆಗೆ ಸಿಕ್ಕಬೇಕು. ಆದ್ದರಿಂದಲೇ 1889ರ ಜರ್ಮನ್ ಸಹಕಾರ ಕಾಯಿದೆಯು ಪ್ರತಿಯೊಂದು ಸಂಘದ ವ್ಯವಹಾರವನ್ನೂ ಕಡೆಯ ಪಕ್ಷ ಎರಡು ವರ್ಷಕ್ಕೊಮ್ಮೆ ಹೊರಗಿನವರು ಬಂದು ತಪಾಸಿಸಬೇಕೆಂದು ವಿಧಿಸಿತು. ಅದೇ ದೇಶದಲ್ಲಿ ದೊಡ್ಡ ಷೇರು ಕಂಪೆನಿಗಳ ವಾರ್ಷಿಕ ಲೆಕ್ಕಕ್ಕೆ ಹೊರಗಿನ ತಪಾಸಣೆ ಕಡ್ಡಾಯವಾದದ್ದು 1931ರಲ್ಲಿ, ಬ್ಯಾಂಕುಗಳು ಕುಸಿದುಬಿದ್ದ ಮೇಲೆ. ರೈತರ ಪೆಟ್ಟಿಗೆಯನ್ನು ಕಾಯಿದೆ ಮೊದಲು ನೋಡಿತು. ಬಂಡವಾಳಗಾರರ ತಿಜೋರಿಯನ್ನು ನಲವತ್ತೆರಡು ವರ್ಷ ತಡವಾಗಿ ನೋಡಿತು. ಗಾತ್ರಕ್ಕೆ ತಕ್ಕಂತೆ ತಪಾಸಣೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇತಿಹಾಸ ಹಾಗೆ ನಡೆದಿಲ್ಲ. ತಪಾಸಣೆ ಗಾತ್ರವನ್ನು ಹಿಂಬಾಲಿಸಿಲ್ಲ. ಪರರ ಹಣ ಎಲ್ಲಿದೆಯೋ ಅಲ್ಲಿಗೆ ಹೋಗಿದೆ.

ರೈಫೈಸನ್ನನ ಹೆಸರು ಭಾರತಕ್ಕೆ ಬಂದದ್ದು ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ನನ ಮೂಲಕ. ಯೂರೋಪಿನ ಪತ್ತಿನ ಸಂಘಗಳನ್ನು ಅಭ್ಯಾಸ ಮಾಡಿ ಅವನು ಬರೆದ ವರದಿಯ ಎರಡು ಸಂಪುಟಗಳು 1895 ಮತ್ತು 1897ರಲ್ಲಿ ಹೊರಬಂದವು. ಅದರ ಫಲವಾಗಿ 1904ರಲ್ಲಿ ಭಾರತದ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಹುಟ್ಟಿತು. ಒಂದೇ ಊರಿನ ಹತ್ತು ಮಂದಿ ವಯಸ್ಕರು ಸೇರಿದರೆ ಸಂಘ ಕಟ್ಟಬಹುದು, ಗ್ರಾಮೀಣ ಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಬೇಸಾಯಗಾರರಾಗಿರಬೇಕು, ಹೊಣೆ ಅಪರಿಮಿತ. ಮಾರನೆಯ ವರ್ಷ, 1905ರಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯ ಗದಗು ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘವನ್ನು ಸ್ಥಾಪಿಸಿದರು. ದೇಶದ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಮೊದಲನೆಯದೆಂಬ ಕೀರ್ತಿ ಅದಕ್ಕಿದೆ. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಕಾನೂನನ್ನು ಮಾಡಿತು.

ಕಣಗಿನಹಾಳದ ಸಂಘದ ಹಿರಿಮೆಯನ್ನು ಭಾಷಣಗಳಲ್ಲಿ ಕೇಳಿದ್ದೇವೆ. ಅದರ ಹಿಂದಿದ್ದ ಕಾಯಿದೆಯ ಒಂದು ಕಲಮನ್ನು ನೆನೆಯುವವರು ಕಡಿಮೆ. ಪ್ರತಿಯೊಂದು ಸಂಘದ ಲೆಕ್ಕವನ್ನೂ ವರ್ಷಕ್ಕೊಮ್ಮೆಯಾದರೂ ರಿಜಿಸ್ಟ್ರಾರನು ತಾನೇ ನೋಡಬೇಕು, ಇಲ್ಲವೆ ತನ್ನ ಕಡೆಯವರಿಂದ ನೋಡಿಸಬೇಕು ಎಂಬುದೇ ಆ ಕಲಮು. ಹಿಂದುಸ್ಥಾನದ ಕಂಪೆನಿಗಳಿಗೆ ವಾರ್ಷಿಕ ತಪಾಸಣೆ ಕಡ್ಡಾಯವಾದದ್ದು 1913ರ ಕಂಪೆನಿ ಕಾಯಿದೆಯಿಂದ. ಎಂದರೆ ಜರ್ಮನಿಯಲ್ಲಿ ನಡೆದುದೇ ಇಲ್ಲಿಯೂ ನಡೆಯಿತು. ಹಳ್ಳಿಯ ಪೆಟ್ಟಿಗೆಗೆ ಕಾವಲು ಮೊದಲು ಬಂತು. 1912ರಲ್ಲಿ ಸಹಕಾರ ಕಾಯಿದೆಯನ್ನು ತಿದ್ದಿ ಬರೆದಾಗ, ತಪಾಸಣೆಯಲ್ಲಿ ಏನೇನು ಇರಬೇಕೆಂಬುದನ್ನೂ ಹೇಳಿದರು. ವಾಯಿದೆ ಮೀರಿದ ಸಾಲಗಳನ್ನು ಪರೀಕ್ಷಿಸಬೇಕು. ಸಂಘದ ಆಸ್ತಿ ಮತ್ತು ಹೊಣೆಗಳಿಗೆ ಬೆಲೆ ಕಟ್ಟಬೇಕು.

ಹಳ್ಳಿಯ ಸಂಘಕ್ಕೆ ತಕ್ಕ ತಪಾಸಣೆಯ ಅಚ್ಚು ಇಲ್ಲಿದೆ. ದೊಡ್ಡ ಕಂಪೆನಿಯ ತಪಾಸಣೆಯಲ್ಲಿ ಕಾಣದ ಎಷ್ಟೋ ಪ್ರಶ್ನೆಗಳು ಇಲ್ಲಿ ಏಳುತ್ತವೆ. ಸಾಲ ಯಾವಾಗ ತೀರಬೇಕಾಗಿತ್ತು? ಹಳೆಯ ಸಾಲ ತೀರಿತೆಂದು ಬರೆದು, ಅದೇ ದಿನ ಅದೇ ಮನುಷ್ಯನಿಗೆ ಹೊಸ ಸಾಲ ಕೊಟ್ಟಂತೆ ತೋರಿಸಿಲ್ಲವಷ್ಟೆ? ಆಡಳಿತ ಮಂಡಲಿಯವರ ಬಂಧುಗಳಿಗೇ ಸಾಲವೆಲ್ಲ ಹೋಗಿಲ್ಲವಷ್ಟೆ? ಪೆಟ್ಟಿಗೆಯಲ್ಲಿರುವ ನಗದು ಕಿರ್ದಿಯ ಶಿಲ್ಕಿಗೆ ತಾಳೆಯಾಗುತ್ತದೆಯೆ? ನಾನು ಸದಸ್ಯನಾಗಿರುವ ನೌಕರರ ಪತ್ತಿನ ಸಂಘದಲ್ಲಿ ಪ್ರತಿವರ್ಷ ಈ ಕೆಲಸ ನಡೆಯುವುದನ್ನು ನೋಡಿದ್ದೇನೆ. ತಪಾಸಣೆಗೆ ಬಂದವರು ಮೊದಲು ಕೇಳುವುದು ಪೆಟ್ಟಿಗೆಯ ಬೀಗದ ಕೈ. ನೋಟುಗಳನ್ನು ಎಣಿಸಿದ ಮೇಲೆ ಕಿರ್ದಿ. ಕಿರ್ದಿಯಾದ ಮೇಲೆ ಖಾತೆ. ಖಾತೆಯಾದ ಮೇಲೆ ಸದಸ್ಯರ ಕೈಯಲ್ಲಿರುವ ಪಾಸ್‌ಬುಕ್ಕುಗಳು. ಖಾತೆಯ ಪುಸ್ತಕ ಒಂದು ಹೇಳಿ ಪಾಸ್‌ಬುಕ್ಕು ಇನ್ನೊಂದು ಹೇಳಿದರೆ ಅಲ್ಲಿ ಏನೋ ಇದೆಯೆಂದು ತಿಳಿಯಬೇಕು. ಕೊನೆಯಲ್ಲಿ ಸಂಘಕ್ಕೆ ಎ, ಬಿ, ಸಿ, ಡಿ ಎಂಬ ವರ್ಗ ಕೊಡುತ್ತಾರೆ. ಓದು ಬರಹ ಹೆಚ್ಚಾಗಿ ತಿಳಿಯದ ಸದಸ್ಯನಿಗೂ ತನ್ನ ಸಂಘ ‘ಸಿ’ಗೆ ಇಳಿಯಿತೆಂದರೆ ಅರ್ಥವಾಗುತ್ತದೆ. ಸರಳವಾದ ಕ್ರಮ, ಆದರೆ ಸಡಿಲವಾದದ್ದಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಚಿಕ್ಕ ಸಂಸ್ಥೆಯ ತಪಾಸಣೆಯೆಂದರೆ ದೊಡ್ಡದರ ತಪಾಸಣೆಯನ್ನೇ ಕತ್ತರಿಸಿ ಗಿಡ್ಡ ಮಾಡಿದ್ದು ಎಂದು ಬಹುಮಂದಿ ಭಾವಿಸಿದ್ದಾರೆ. ಹಾಗಲ್ಲ. ಎರಡರ ಅಪಾಯಗಳ ಜಾತಿಯೇ ಬೇರೆ. ದೊಡ್ಡ ಕಾರ್ಖಾನೆಯಲ್ಲಿ ಸರಕು ಕೊಳ್ಳುವವನು ಒಬ್ಬ, ಬಿಲ್ಲು ಪಾಸು ಮಾಡುವವನು ಇನ್ನೊಬ್ಬ, ಹಣ ಕೊಡುವವನು ಮತ್ತೊಬ್ಬ. ಒಬ್ಬನ ತಪ್ಪನ್ನು ಇನ್ನೊಬ್ಬನು ಹಿಡಿಯುವಂತೆ ವ್ಯವಸ್ಥೆ ಇರುತ್ತದೆ. ತಪಾಸಣೆಗಾರನು ಆ ವ್ಯವಸ್ಥೆಯನ್ನು ಪರೀಕ್ಷಿಸಿ, ಲಕ್ಷಗಟ್ಟಲೆ ವೋಚರುಗಳಲ್ಲಿ ಕೆಲವನ್ನಷ್ಟೇ ಆಯ್ದು ನೋಡುತ್ತಾನೆ. ಚಿಕ್ಕ ಕಂಪೆನಿಯಲ್ಲಿ ಯಜಮಾನನೇ ಕೊಳ್ಳುವವನು, ಅವನೇ ಚೆಕ್ಕಿಗೆ ಸಹಿ ಹಾಕುವವನು. ಮನೆಯ ದುಡ್ಡೂ ಅಂಗಡಿಯ ದುಡ್ಡೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ. ಅಲ್ಲಿ ಪರೀಕ್ಷಿಸಲು ವ್ಯವಸ್ಥೆಯೇ ಇಲ್ಲ. ಇರುವ ಅನುಕೂಲವೆಂದರೆ ವೋಚರುಗಳು ಕೆಲವೇ. ಒಬ್ಬನು ಕುಳಿತು ಬಹುಪಾಲನ್ನು ಕಣ್ಣಾರೆ ನೋಡಬಹುದು. ಆಯ್ಕೆಯ ಸೂತ್ರಗಳನ್ನೂ ವ್ಯವಸ್ಥೆಯ ನಕ್ಷೆಗಳನ್ನೂ ಬರೆದು ಕಡತ ತುಂಬುವ ಹೊತ್ತಿನಲ್ಲಿ ಲೆಕ್ಕವನ್ನೇ ನೋಡಿ ಮುಗಿಸಬಹುದು.

ನಮ್ಮ ಕಂಪೆನಿ ಕಾನೂನು ಬೇರೆ ದಾರಿ ಹಿಡಿಯಿತು. 1913ರ ಕಾಯಿದೆಯಲ್ಲಿ ಖಾಸಗಿ ಕಂಪೆನಿಯ ತಪಾಸಣೆಗಾರನು ಅರ್ಹತಾಪತ್ರ ಹೊಂದಿರಲೇಬೇಕೆಂಬ ಕಟ್ಟುನಿಟ್ಟಿರಲಿಲ್ಲ. 1949ರಲ್ಲಿ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಸ್ಥಾಪನೆಯಾಯಿತು. 1956ರ ಕಂಪೆನಿ ಕಾಯಿದೆ, ಹಿಂದಿನ ಕೆಲವು ಸಂಸ್ಥಾನಗಳ ಅರ್ಹತಾಪತ್ರವಿದ್ದವರನ್ನು ಬಿಟ್ಟರೆ, ಎಲ್ಲ ಕಂಪೆನಿಗಳಿಗೂ ಚಾರ್ಟರ್ಡ್ ಅಕೌಂಟೆಂಟೇ ಬೇಕೆಂದಿತು. 2013ರ ಕಾಯಿದೆಯೂ ಗಾತ್ರ ನೋಡದೆ ಎಲ್ಲ ಕಂಪೆನಿಗಳಿಗೂ ತಪಾಸಣೆಯನ್ನು ವಿಧಿಸಿತು. ಇತ್ತ ಜಗತ್ತಿನಲ್ಲಿ ವ್ಯಾಪಾರ ಜಟಿಲವಾದಂತೆ ತಪಾಸಣೆಯ ಮಾನದಂಡಗಳೂ ಬೆಳೆದವು. 2009ರಲ್ಲಿ ಅಂತರರಾಷ್ಟ್ರೀಯ ಮಾನದಂಡಗಳನ್ನು ಹೊಸದಾಗಿ ತಿದ್ದಿ ಬರೆದು ಮುಗಿಸಿದಾಗ ಅವುಗಳ ಸಂಖ್ಯೆ ಮೂವತ್ತಾರು. ಹೆಚ್ಚಿನವು ದೊಡ್ಡ ಸಂಸ್ಥೆಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದವು. ಪಾಲಿಸಬೇಕಾದವರು ಮಾತ್ರ ಎಲ್ಲರೂ.

ಅಷ್ಟು ಮಾನದಂಡಗಳಿದ್ದೂ ದೊಡ್ಡವರು ತಪ್ಪಲಿಲ್ಲವೆ? ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪೆನಿಯ ಅಧ್ಯಕ್ಷರು 2009ರ ಜನವರಿ 7ರಂದು ಬರೆದ ಪತ್ರವನ್ನು ವಾಚಕರು ಮರೆತಿರಲಾರರು. ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲವೆಂದು ಅವರೇ ಒಪ್ಪಿಕೊಂಡರು. ಹಳ್ಳಿಯ ಸಂಘದಲ್ಲಿ ತಪಾಸಣೆಯ ಮೊದಲ ಗಳಿಗೆಯಲ್ಲಿ ಕೇಳುವ ಪ್ರಶ್ನೆ, ‘ಹಣ ಎಲ್ಲಿ, ತೋರಿಸಿ’ ಎಂಬುದು. ಅದಕ್ಕೆ ಅಲ್ಲಿ ವರ್ಷಾನುಗಟ್ಟಲೆ ಸರಿಯಾದ ಉತ್ತರ ಹೊರಬರಲಿಲ್ಲ. ಕಡತ ದಪ್ಪವಾದ ಮಾತ್ರಕ್ಕೆ ಕೇಳುವ ಕಿವಿ ಚುರುಕಾಗುವುದಿಲ್ಲ.

ಭಾರ ಹೆಚ್ಚಾಯಿತೆಂದು ಕೆಲವು ದೇಶಗಳು ಚಿಕ್ಕವರನ್ನು ಪೂರ್ತಿಯಾಗಿ ಬಿಟ್ಟುಬಿಟ್ಟವು. ಇಂಗ್ಲೆಂಡಿನಲ್ಲಿ 1994ರಲ್ಲಿ ವರ್ಷಕ್ಕೆ 90,000 ಪೌಂಡುಗಳೊಳಗಿನ ವಹಿವಾಟಿನ ಕಂಪೆನಿಗಳಿಗೆ ತಪಾಸಣೆಯಿಂದ ವಿನಾಯಿತಿ ದೊರೆಯಿತು. ಆ ಮಿತಿ ಏರುತ್ತ ಏರುತ್ತ 2016ರ ಹೊತ್ತಿಗೆ ಒಂದು ಕೋಟಿ ಎರಡು ಲಕ್ಷ ಪೌಂಡುಗಳನ್ನು ಮುಟ್ಟಿತು. ಡೆನ್ಮಾರ್ಕು 2006ರಲ್ಲಿ, ಸ್ವೀಡನ್ 2010ರಲ್ಲಿ ಅದೇ ಹಾದಿ ಹಿಡಿದವು. ಆದರೆ ಸ್ವೀಡನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯೇ 2017ರಲ್ಲಿ ಈ ಸುಧಾರಣೆಯನ್ನು ತೂಗಿ ನೋಡಿ, ಆದ ಲಾಭಕ್ಕಿಂತ ನಷ್ಟವೇ ಹೆಚ್ಚೆಂದು ಅಭಿಪ್ರಾಯಪಟ್ಟು, ಚಿಕ್ಕ ಕಂಪೆನಿಗಳಿಗೂ ತಪಾಸಣೆಯನ್ನು ಮರಳಿ ತರಬೇಕೆಂದು ಸಲಹೆ ಮಾಡಿತು. ಲೋ ಮಂತ್ರಿಯ 1856ರ ಪ್ರಯೋಗ ಹೊಸ ವೇಷದಲ್ಲಿ ಬಂದು ಅದೇ ಪ್ರಶ್ನೆಯನ್ನು ಎಬ್ಬಿಸಿತ್ತು.

ಹೊರಿಸುವುದೂ ಬೇಡ, ಬಿಟ್ಟುಬಿಡುವುದೂ ಬೇಡ ಎಂಬ ಮೂರನೆಯ ದಾರಿಯನ್ನು ಮೊದಲು ಗಟ್ಟಿಯಾಗಿ ಸೂಚಿಸಿದವರು ಆ ಉತ್ತರ ಯೂರೋಪಿನವರೇ. ಅಲ್ಲಿನ ಲೆಕ್ಕಪರಿಶೋಧಕರ ಒಕ್ಕೂಟವು 2015ರಲ್ಲಿ ಚಿಕ್ಕ ಸಂಸ್ಥೆಗಳಿಗೆಂದು ಒಂದು ಕರಡು ಮಾನದಂಡವನ್ನು ಮುಂದಿಟ್ಟಿತು. ಅಂತರರಾಷ್ಟ್ರೀಯ ಮಂಡಲಿ ವಿಷಯವನ್ನು ಕೈಗೆತ್ತಿಕೊಂಡು 2021ರಲ್ಲಿ ಕರಡನ್ನೂ 2023ರಲ್ಲಿ ಅಂತಿಮ ರೂಪವನ್ನೂ ಪ್ರಕಟಿಸಿತು. ಒಪ್ಪಿಕೊಂಡ ದೇಶಗಳಲ್ಲಿ 2025ರ ಡಿಸೆಂಬರ್ 15ರಿಂದ ಮುಂದೆ ಆರಂಭವಾಗುವ ಲೆಕ್ಕದ ವರ್ಷಗಳಿಗೆ ಅದು ಅನ್ವಯ. ಮೂವತ್ತಕ್ಕೂ ಮೇಲ್ಪಟ್ಟ ಮಾನದಂಡಗಳ ಬದಲು ಒಂದೇ ಪುಸ್ತಕ. ಕೆಲಸ ಒಪ್ಪಿಕೊಳ್ಳುವಲ್ಲಿಂದ ವರದಿ ಬರೆಯುವವರೆಗೆ, ಕೆಲಸ ನಡೆಯುವ ಕ್ರಮದಲ್ಲಿಯೇ ಅದರ ಭಾಗಗಳಿವೆ. ಷೇರುಪೇಟೆಯ ಕಂಪೆನಿಗಳಿಗೆ, ಬ್ಯಾಂಕು ವಿಮೆಗಳಂಥ ಸಂಸ್ಥೆಗಳಿಗೆ ಅದರಲ್ಲಿ ಪ್ರವೇಶವಿಲ್ಲ. ಅದರ ಎರಡು ಅಂಶಗಳು ನನಗೆ ಬಹಳ ಹಿಡಿಸಿದವು. ‘ಚಿಕ್ಕ’ ಎನ್ನದೆ ‘ಕಡಿಮೆ ಜಟಿಲ’ ಎಂದದ್ದು ಒಂದು. ಇನ್ನೊಂದು, ತಪಾಸಣೆಗಾರನು ಕೊಡಬೇಕಾದ ಭರವಸೆಯ ಮಟ್ಟವನ್ನು ಕೂದಲೆಳೆಯಷ್ಟೂ ಇಳಿಸದಿದ್ದದ್ದು. ಕ್ರಮ ಹಗುರವಾಯಿತು; ಮಾತಿನ ತೂಕ ಹಗುರವಾಗಲಿಲ್ಲ.

ನಮ್ಮ ಹಳೆಯ ಅಂಗಡಿಗಳಲ್ಲಿ ಸೇರು, ಪಾವು, ಚಟಾಕುಗಳು ಸಾಲಾಗಿ ಇರುತ್ತಿದ್ದವು. ಪಾವು ಚಿಕ್ಕದೆಂದು ಅದರ ಮೇಲೆ ಸರ್ಕಾರದ ಮುದ್ರೆ ಇಲ್ಲದಿರುತ್ತಿರಲಿಲ್ಲ. ಪಾವಿನಲ್ಲಿ ಅಕ್ಕಿ ಕೊಳ್ಳುವವರು ಬಡವರು. ಮೋಸವಾದರೆ ಅವರ ಮನೆಯ ಆ ಹೊತ್ತಿನ ಅನ್ನವೇ ಕಡಿಮೆಯಾಗುತ್ತಿತ್ತು. ಹೊಸ ಮಾನದಂಡದ ತತ್ತ್ವವೂ ಇದೇ. ಅಳತೆಯ ಪಾತ್ರೆ ಚಿಕ್ಕದಾಗಬಹುದು, ಮುದ್ರೆ ಬೇರೆಯಾಗಬಾರದು.

ಭಾರತದಲ್ಲಿಯೂ ಈ ಚರ್ಚೆ ನಡೆದಿದೆ. 2008ರಲ್ಲಿ ಹುಟ್ಟಿದ ಮಿತ ಹೊಣೆಯ ಪಾಲುದಾರಿಕೆ ಸಂಸ್ಥೆಗಳಿಗೆ, ವಹಿವಾಟು 40 ಲಕ್ಷ ರೂಪಾಯಿಗಳನ್ನೂ ಪಾಲುದಾರರ ಬಂಡವಾಳ 25 ಲಕ್ಷವನ್ನೂ ಮೀರದಿದ್ದರೆ ತಪಾಸಣೆ ಬೇಡವೆಂದು ನಿಯಮ ಮಾಡಿದರು. ಚಿಕ್ಕ ಕಂಪೆನಿಗಳಿಗೆ ಕಡ್ಡಾಯ ತಪಾಸಣೆ ಬೇಕೆ ಎಂಬ ಪ್ರಶ್ನೆಯನ್ನೆತ್ತಿ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರವು 2021ರ ಸೆಪ್ಟೆಂಬರಿನಲ್ಲಿ ಸಮಾಲೋಚನಾ ಪತ್ರವನ್ನು ಹೊರಡಿಸಿತು. ಪರವಿರೋಧ ಮಾತುಗಳು ಬಹಳ ಬಂದವು. ಅವುಗಳಲ್ಲಿ ‘ಎಷ್ಟು ಲಕ್ಷದವರೆಗೆ’ ಎಂಬ ವಾದಕ್ಕೆ ಸಿಕ್ಕಿದ ಜಾಗ ‘ಯಾರ ಹಣ’ ಎಂಬ ಪ್ರಶ್ನೆಗೂ ಸಿಕ್ಕಬೇಕೆಂಬುದು ನನ್ನ ಮನವಿ.

ಯಜಮಾನನೊಬ್ಬನೇ ತನ್ನ ಹಣ ಹಾಕಿ, ಪರರಿಂದ ಕಾಸೂ ಸಾಲ ತಾರದೆ ನಡೆಸುವ ಕಂಪೆನಿಯಿದ್ದರೆ ಅದು ತನಗೆ ತಾನೇ ಲೆಕ್ಕ ಒಪ್ಪಿಸಿಕೊಳ್ಳಲಿ, ಬೇಡವೆನ್ನುವವರು ಯಾರು? ಆದರೆ ನಿವೃತ್ತ ಗುಮಾಸ್ತನ ಠೇವಣಿ, ಕೆಲಸಗಾರರ ಭವಿಷ್ಯನಿಧಿ, ಸರಕು ಉದ್ದರಿ ಕೊಟ್ಟ ವರ್ತಕನ ಬಾಕಿ ಇವುಗಳಲ್ಲಿ ಒಂದು ಸೇರಿದರೂ ಅದರ ಲೆಕ್ಕ ಅವನೊಬ್ಬನದಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರ ಬ್ಯಾಂಕಿನ ಠೇವಣಿದಾರರು, ತಮ್ಮ ಖಾತೆಯಿಂದ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲವೆಂಬ ರಿಸರ್ವ್ ಬ್ಯಾಂಕಿನ ಆಜ್ಞೆಯನ್ನು ಓದಿ ಬೀದಿಗೆ ಬಂದರು. ಮಗಳ ಮದುವೆಗೆಂದೂ ಮುಪ್ಪಿನ ಔಷಧಿಗೆಂದೂ ಇಟ್ಟಿದ್ದ ಹಣ ಅದು. ಅದೇ ವರ್ಷ ಬ್ಯಾಂಕಿಂಗ್ ಕಾನೂನನ್ನು ತಿದ್ದಿ, ಸಹಕಾರ ಬ್ಯಾಂಕುಗಳ ತಪಾಸಣೆಗಾರರ ನೇಮಕಕ್ಕೂ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕೆಂದು ಮಾಡಿದರು. ಸಂಸ್ಥೆ ಬೆಳೆದು ಜಟಿಲವಾದಾಗ ಅಳತೆಯ ಪಾತ್ರೆಯನ್ನೂ ಬದಲಿಸಬೇಕು. ಪಾವಿನಲ್ಲಿ ಕಣಜವನ್ನು ಅಳೆಯಲಾಗದು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಮ್ಮ ಹಿರಿಯರು ಹೇಳಿದರು. ವ್ಯಾಪಾರದಲ್ಲಿ ಮಾನಕ್ಕೆ ‘ಪತ್ತು’ ಎಂದು ಹೆಸರು. ಪತ್ತಿನ ಸಂಘವೆಂಬ ಶಬ್ದದಲ್ಲಿರುವುದೂ ಅದೇ. ಕಣಗಿನಹಾಳದ ರೈತರಿಗೆ ಇದ್ದ ಬಂಡವಾಳ ಪತ್ತು. ಅದನ್ನು ಕಾಯಲು 1904ರ ಕಾಯಿದೆ ವರ್ಷಕ್ಕೊಮ್ಮೆ ಒಬ್ಬನನ್ನು ಅವರ ಊರಿಗೆ ಕಳಿಸಿತು. ಅವನು ಮೂವತ್ತಾರು ಮಾನದಂಡಗಳನ್ನು ಓದಿದವನಲ್ಲ. ಅವರ ಲೆಕ್ಕ ಚಿಕ್ಕದೆಂದು ಕೇಳದೆ ಹೊರಟುಹೋಗುವ ಅಧಿಕಾರವೂ ಅವನಿಗಿರಲಿಲ್ಲ.